ಬಸುರಿಯ ಒಪ್ಪಿಗೆ: ಗರ್ಭಸ್ಥ ಶಿಶುವಿನ ಐಚ್ಛಿಕ ತಪಾಸಣೆಗಳ ಕುರಿತು



ತಾಯಿಯ ನೆನಪಿನಲ್ಲಿ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ಹೆಣ್ಣುಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಸರಿ ಎಂದು ಸಂಘಟಕರು ಹೇಳಿದಾಗ ರಕ್ತಹೀನತೆಯ ಬಗ್ಗೆ ಮಾತಾಡಲೇ, ಬಾಣಂತಿಯರ ಸಾವಿನ ಬಗ್ಗೆ ಮಾತಾಡಲೇ ಎಂದು ಯೋಚಿಸಿದೆ. ಎರಡೂ ದೊಡ್ಡ ವಿಷಯಗಳೇ, ಅವುಗಳ ಬಗ್ಗೆ ಮಾತಾಡುವವರೂ ಇದ್ದಾರೆ. ಹೆರಿಗೆ ವೈದ್ಯೆಯಾದ ನನ್ನ ಕೋಣೆಗೆ ಈಗೀಗ ವಾರ ತಪ್ಪದೆ ಬರುವ, ಆದರೆ ಯಾರೂ ಕೂತು ಕನ್ನಡದಲ್ಲಿ ಬಿಡಿಸಿ ಹೇಳದ ಒಂದು ಸಂಕಟ ಬೇರೆ ಇದೆ. "ಮೇಡಂ, ಡಬಲ್ ಮಾರ್ಕರ್ ಪಾಸಿಟಿವ್ ಬಂದಿದೆಯಂತೆ. ಪಾಪುಗೆ ಏನಾಗಿದೆ?" ಎಂದು ಕೇಳುತ್ತಾ ಬರುವ ಹೆಣ್ಣುಮಗಳ ಸಂಕಟ ಅದು. ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ವರದಿ, ಅದರಲ್ಲಿ ಕೆಂಪು ಅಕ್ಷರದ ಒಂದು ಅಂಕಿ. ಈ ರಕ್ತ ಯಾತಕ್ಕೆ ತೆಗೆದರು ಅಂತ ಹೇಳಿದ್ದರಾ ಎಂದು ಕೇಳಿದರೆ, "ಮೂರನೇ ತಿಂಗಳಲ್ಲಿ ಎಲ್ಲರಿಗೂ ತೆಗೀತಾರಲ್ಲ ಮೇಡಂ" ಎನ್ನುತ್ತಾಳೆ.

ಎಲ್ಲರಿಗೂ ತೆಗೆಯಲೇಬೇಕಾದ ರಕ್ತ ಅದಲ್ಲ. ಬೇಕೋ ಬೇಡವೋ ಎಂದು ಅವಳನ್ನು ಕೇಳಿ ತೆಗೆಯಬೇಕಾದ ರಕ್ತ. ಆ ತೀರ್ಮಾನ ಸೂಜಿ ಚುಚ್ಚುವ ಮೊದಲೇ ಆಗಬೇಕು, ಮತ್ತು ಅದು ಅವಳದೇ ಆಗಿರಬೇಕು. ಇವತ್ತು ನನಗೆ ಹೇಳಲಿಕ್ಕಿರುವುದು ಇಷ್ಟೇ.

ಬಸುರಿಯರಿಗೆ ಮಾಡುವ ಪರೀಕ್ಷೆಗಳಲ್ಲಿ ಎರಡು ಜಾತಿ. ತಾಯಿ ಕಾರ್ಡಿನಲ್ಲಿ ಬರೆದುಕೊಳ್ಳುವ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಬಿ.ಪಿ., ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಇವು ಮೊದಲನೆಯ ಜಾತಿ. ಇವುಗಳಲ್ಲಿ ಏನು ಕಂಡರೂ ಅದಕ್ಕೆ ಔಷಧಿ ಉಂಟು, ಚುಚ್ಚುಮದ್ದು ಉಂಟು, ಪಥ್ಯ ಉಂಟು. ತಾಯಿ ಎಚ್‌ಐವಿ ಸೋಂಕಿತಳೆಂದು ತಿಳಿದರೆ ಮಗುವನ್ನು ಸೋಂಕಿನಿಂದ ಕಾಪಾಡಬಹುದು. ನೆಗೆಟಿವ್ ರಕ್ತದ ತಾಯಿಗೆ ಆಂಟಿ-ಡಿ ಕೊಟ್ಟು ಮುಂದಿನ ಮಗುವನ್ನು ಉಳಿಸಬಹುದು. ಇವನ್ನು ಮಾಡಿಸಿಕೊಳ್ಳಿ ಎಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ. ಡಬಲ್ ಮಾರ್ಕರ್, ಎನ್.ಟಿ. ಸ್ಕ್ಯಾನ್, ಕ್ವಾಡ್ರುಪಲ್, ಎನ್‌ಐಪಿಟಿ ಇವು ಎರಡನೆಯ ಜಾತಿ. ಇವು ಮುಖ್ಯವಾಗಿ ಹುಡುಕುವುದು ಮಗುವಿನ ವರ್ಣತಂತುಗಳಲ್ಲಿನ ಏರುಪೇರನ್ನು. ಏರುಪೇರು ಕಂಡರೆ ಅದನ್ನು ಸರಿಮಾಡುವ ಮದ್ದು ಇಲ್ಲ. ಕೈಗೆ ಸಿಗುವುದು ಮಾಹಿತಿ. ಆ ಮಾಹಿತಿಯನ್ನು ಇಟ್ಟುಕೊಂಡು ಏನು ಮಾಡುತ್ತೇನೆ ಎಂಬುದು ಮುಂದಿನ ಮಾತು. ಈ ಎರಡು ಜಾತಿಯ ಪರೀಕ್ಷೆಗಳನ್ನು ಒಂದೇ ಚೀಟಿಯಲ್ಲಿ ಬರೆದು ಲ್ಯಾಬಿಗೆ ಕಳಿಸುವುದು ನಮ್ಮ ವೃತ್ತಿಯಲ್ಲಿ ಬೇರೂರಿರುವ ತಪ್ಪು.

ಈ ತಪಾಸಣೆಗಳ ಮುಖ್ಯ ಗುರಿ ಡೌನ್ ಸಿಂಡ್ರೋಮ್. ಬ್ರಿಟನ್ನಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ಬರೆದಿಟ್ಟ. 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದೇ ಇದಕ್ಕೆ ಕಾರಣ ಎಂದು 1959ರಲ್ಲಿ ಪ್ಯಾರಿಸ್ಸಿನಲ್ಲಿ ಗೊತ್ತಾಯಿತು. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಇದು ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಗುವ ಆಕಸ್ಮಿಕ. ತಾಯಿಯ ವಯಸ್ಸು ಏರಿದಂತೆ ಸಂಭವವೂ ಏರುತ್ತದೆ: 20ರ ಹರೆಯದಲ್ಲಿ ಸುಮಾರು 1,500 ಹೆರಿಗೆಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಆದರೂ ಇಂಥ ಮಕ್ಕಳಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ತಾಯಂದಿರಿಗೇ ಹುಟ್ಟುತ್ತಾರೆ, ಏಕೆಂದರೆ ಹೆರುವವರಲ್ಲಿ ಅವರೇ ಹೆಚ್ಚು. ಇನ್ನೊಂದು ಮಾತನ್ನು ಸಭೆಯಲ್ಲಿರುವ ಅತ್ತೆಯಂದಿರು ದಯವಿಟ್ಟು ಮನಸ್ಸಿಟ್ಟು ಕೇಳಬೇಕು. ಗ್ರಹಣದ ದಿನ ಸೊಸೆ ಹೊರಗೆ ಬಂದಳು, ಪರಂಗಿ ಹಣ್ಣು ತಿಂದಳು, ಗಾಡಿ ಓಡಿಸಿದಳು ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅವಳು ಗರ್ಭ ಧರಿಸುವಷ್ಟರಲ್ಲಿ ಆಗಬೇಕಾದ್ದು ಆಗಿ ಮುಗಿದಿರುತ್ತದೆ.

ಈಗ ಆ ಕೆಂಪು ಅಂಕಿಗೆ ಬರೋಣ. 11 ವಾರ ತುಂಬಿದ ಮೇಲೆ, 14 ವಾರ ತುಂಬುವುದರೊಳಗೆ, ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ಪದರವನ್ನು ಅಳೆಯುತ್ತಾರೆ; ಇದೇ ಎನ್.ಟಿ. ಸ್ಕ್ಯಾನ್. ತಾಯಿಯ ರಕ್ತದಲ್ಲಿ ಎರಡು ವಸ್ತುಗಳ ಮಟ್ಟ ನೋಡುತ್ತಾರೆ; ಇದೇ ಡಬಲ್ ಮಾರ್ಕರ್. ವಯಸ್ಸನ್ನೂ ಸೇರಿಸಿ ಕಂಪ್ಯೂಟರು ಒಂದು ಲೆಕ್ಕ ಕೊಡುತ್ತದೆ. "250ಕ್ಕೆ 1" ಎಂಬಂತಹ ಲೆಕ್ಕ. ಇದು ರೋಗ ಇದೆಯೋ ಇಲ್ಲವೋ ಎಂಬ ಉತ್ತರ ಅಲ್ಲವೇ ಅಲ್ಲ. ಸುಮಾರು 30 ವರ್ಷ ವಯಸ್ಸಿನ 10,000 ಗರ್ಭಿಣಿಯರನ್ನು ತೆಗೆದುಕೊಳ್ಳಿ. ಅವರಲ್ಲಿ ಹೆಚ್ಚು ಕಡಿಮೆ ಹತ್ತು ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ. ಎಲ್ಲರಿಗೂ ಈ ಪರೀಕ್ಷೆ ಮಾಡಿದರೆ ಸುಮಾರು 500 ಮಂದಿಗೆ "ಹೈ ರಿಸ್ಕ್" ಎಂದು ವರದಿ ಬರುತ್ತದೆ. ಆ ಹತ್ತರಲ್ಲಿ ಎಂಟೋ ಒಂಬತ್ತೋ ಮಂದಿ ಈ 500ರೊಳಗೆ ಇರುತ್ತಾರೆ. ಒಂದೋ ಎರಡೋ ಕೈತಪ್ಪಿ "ಲೋ ರಿಸ್ಕ್" ಗುಂಪಿನಲ್ಲಿ ಉಳಿದಿರುತ್ತವೆ. ಉಳಿದ 490 ಚಿಲ್ಲರೆ ತಾಯಂದಿರ ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ; ಆದರೆ ಅದು ಗೊತ್ತಾಗುವ ತನಕ ಅವರು ಊಟ ನಿದ್ದೆ ಬಿಟ್ಟಿರುತ್ತಾರೆ.

ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ನನ್ನಲ್ಲಿಗೆ ಬಂದಾಗ ಅವಳ ಲೆಕ್ಕ 180ಕ್ಕೆ 1 ಇತ್ತು. ಅಂದರೆ ಅವಳಂಥ 180 ಮಂದಿಯಲ್ಲಿ 179 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಮನೆಯಲ್ಲಿ ಆಗಲೇ "ತೆಗೆಸಿಬಿಡೋಣ" ಎಂಬ ಮಾತು ನಡೆದಿತ್ತು. ಬರೀ ತಪಾಸಣೆಯ ವರದಿ ಹಿಡಿದು ಗರ್ಭ ತೆಗೆಸಬೇಕೆಂದು ಬರುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಅವಳು ಮುಂದೆ ಗರ್ಭದ ನೀರಿನ ಪರೀಕ್ಷೆ ಮಾಡಿಸಿಕೊಂಡಳು. ಎಲ್ಲ ಸರಿಯಾಗಿತ್ತು.

1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತಾಯಿಯ ರಕ್ತದಲ್ಲಿ ಗರ್ಭಸ್ಥ ಶಿಶುವಿನ ಡಿಎನ್‌ಎ ತುಣುಕುಗಳು ತೇಲುತ್ತಿರುವುದನ್ನು ತೋರಿಸಿದರು. ಅದರಿಂದ ಬೆಳೆದು ಬಂದದ್ದು ಎನ್‌ಐಪಿಟಿ. ಹತ್ತು ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಮಾಡಬಹುದು, ಡೌನ್ ಸಿಂಡ್ರೋಮನ್ನು ನೂರಕ್ಕೆ 99ರಷ್ಟು ಹಿಡಿಯುತ್ತದೆ, ಸುಳ್ಳು ಎಚ್ಚರಿಕೆ ಬಹಳ ಕಡಿಮೆ. ಖರ್ಚು ಸಾಮಾನ್ಯವಾಗಿ ಹತ್ತು ಸಾವಿರ ದಾಟುತ್ತದೆ. ಒಳ್ಳೆಯ ಪರೀಕ್ಷೆ, ಅನುಮಾನವಿಲ್ಲ. ಆದರೆ ಜಾಹೀರಾತಿನ ಆ 99 ಎಂಬ ಅಂಕಿಯನ್ನು ನಮ್ಮ ಜನ ತಪ್ಪಾಗಿ ಓದುತ್ತಾರೆ. ಮೇಲೆ ಹೇಳಿದ 10,000 ತಾಯಂದಿರಲ್ಲಿ ಅದು ಹತ್ತನ್ನೂ ಹಿಡಿಯಬಹುದು. ಜೊತೆಗೆ ಐದಾರು ಮಂದಿಗೆ ಸುಳ್ಳೇ ಹೆದರಿಸಬಹುದು. ಅಂದರೆ ಎನ್‌ಐಪಿಟಿ ಪಾಸಿಟಿವ್ ಬಂದ ಮೂವರಲ್ಲಿ ಒಬ್ಬಳ ಮಗು ಸರಿಯಾಗಿಯೇ ಇರಬಹುದು. ಇನ್ನೂ ಚಿಕ್ಕ ವಯಸ್ಸಿನವರಲ್ಲಿ ಸುಳ್ಳಿನ ಪಾಲು ಇನ್ನೂ ಹೆಚ್ಚು. ಅದು ನೋಡುವ ಡಿಎನ್‌ಎ ನಿಜವಾಗಿ ಬರುವುದು ಮಾಸಿನಿಂದ, ಮಗುವಿನ ಮೈಯಿಂದಲ್ಲ ಎಂಬುದು ಇದಕ್ಕೆ ಒಂದು ಕಾರಣ. ಆದ್ದರಿಂದ ಎನ್‌ಐಪಿಟಿ ಕೂಡ ತಪಾಸಣೆಯೇ ಹೊರತು ಕೊನೆಯ ಮಾತಲ್ಲ.

ಕೊನೆಯ ಮಾತು ಹೇಳುವುದು ಎರಡು ಪರೀಕ್ಷೆಗಳು. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆಯುವುದು ಒಂದು. 15 ವಾರ ತುಂಬಿದ ಮೇಲೆ ಹೊಟ್ಟೆಯ ಮೂಲಕ ಸೂಜಿ ಹಾಕಿ ಗರ್ಭದ ನೀರು ತೆಗೆಯುವುದು ಇನ್ನೊಂದು. ನುರಿತ ಕೈಯಲ್ಲಿ ಇವುಗಳಿಂದ ಗರ್ಭಪಾತವಾಗುವ ಸಂಭವ ಇನ್ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಕಡಿಮೆ ನಿಜ, ಆದರೆ ಇಲ್ಲವೆನ್ನುವಂತಿಲ್ಲ. ಹತ್ತು ವರ್ಷ ಕಾದು ಮೊದಲ ಬಸಿರು ಕಂಡವಳಿಗೆ ಆ ಅಂಕಿ ಒಂದು ತೂಕ, ಎರಡು ಮಕ್ಕಳ ತಾಯಿಗೆ ಮತ್ತೊಂದು ತೂಕ. ತೂಗಬೇಕಾದವಳು ಅವಳು.

ಕರ್ನಾಟಕದ ಮಟ್ಟಿಗೆ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಮುಂದಿನದು. ನಮ್ಮಲ್ಲಿ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇನ್ನೂ ಗಟ್ಟಿಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದೊಳಗೇ ಆಗುತ್ತವೆ. ಇಂಥ ದಂಪತಿಗಳ ಮಕ್ಕಳಿಗೆ ಇರುವ ಹೆಚ್ಚಿನ ಅಪಾಯ ವರ್ಣತಂತುವಿನದಲ್ಲ, ಜೀನಿನದು. ಗಂಡ ಹೆಂಡತಿ ಇಬ್ಬರೂ ಒಂದೇ ಅಜ್ಜ ಅಜ್ಜಿಯಿಂದ ಬಂದ ಒಂದೇ ದೋಷವನ್ನು ತಮಗೇ ಗೊತ್ತಿಲ್ಲದೆ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ ಇರುತ್ತದೆ. ಡಬಲ್ ಮಾರ್ಕರ್ ಇದನ್ನು ನೋಡುವುದೇ ಇಲ್ಲ. ಸಾಮಾನ್ಯವಾಗಿ ಮಾಡುವ ಎನ್‌ಐಪಿಟಿಯೂ ನೋಡುವುದಿಲ್ಲ.

ದಾವಣಗೆರೆ ಕಡೆಯಿಂದ ಬಂದ ದಂಪತಿಯನ್ನು ಮರೆಯಲಾರೆ. ಅವಳ ಗಂಡ ಅವಳ ಸೋದರಮಾವ. ಮೊದಲ ಮಗು ಹುಟ್ಟಿದಾಗ ಚೆನ್ನಾಗಿತ್ತು, ಹಾಲು ಕುಡಿಯಲು ಶುರುಮಾಡಿದ ಕೆಲವೇ ದಿನಗಳಲ್ಲಿ ಮಂಕಾಗಿ, ಫಿಟ್ಸ್ ಬಂದು ತೀರಿಕೊಂಡಿತ್ತು. ಎರಡನೆಯ ಬಸಿರಿನಲ್ಲಿ ಡಬಲ್ ಮಾರ್ಕರ್ "ಲೋ ರಿಸ್ಕ್" ಬಂದಾಗ ಮನೆಯವರೆಲ್ಲ ಸಿಹಿ ಹಂಚಿದ್ದರು. ಎರಡನೆಯ ಮಗುವೂ ಹಾಗೇ ಹೋಯಿತು. ಆ ವರದಿ ಸುಳ್ಳು ಹೇಳಿರಲಿಲ್ಲ. ಅವರ ಮನೆಯ ಪ್ರಶ್ನೆಗೆ ಅದು ಉತ್ತರವೇ ಆಗಿರಲಿಲ್ಲ, ಅಷ್ಟೇ. ಅವರಿಗೆ ಬೇಕಾಗಿದ್ದದ್ದು ಮೊದಲ ಮಗುವಿನ ಒಂದಿಷ್ಟು ರಕ್ತವನ್ನು ಡಿಎನ್‌ಎ ಪರೀಕ್ಷೆಗೆಂದು ಎತ್ತಿಡುವುದು, ಯಾವ ಜೀನಿನ ದೋಷ ಎಂದು ಪತ್ತೆಮಾಡುವುದು, ಆಮೇಲೆ ಮುಂದಿನ ಬಸಿರಿನಲ್ಲಿ ಅದೊಂದನ್ನೇ ಹುಡುಕುವುದು. ಮನೆಯಲ್ಲಿ ಕಾರಣ ತಿಳಿಯದೆ ಕೂಸು ತೀರಿಕೊಂಡಿದ್ದರೆ, ಬುದ್ಧಿಮಾಂದ್ಯತೆ ಇರುವ ಮಕ್ಕಳು ಒಂದಕ್ಕಿಂತ ಹೆಚ್ಚು ಇದ್ದರೆ, ದಯವಿಟ್ಟು ಬಸುರಾಗುವ ಮೊದಲೇ ತಳಿಶಾಸ್ತ್ರದ ವೈದ್ಯರನ್ನು ಕಾಣಿ. ಮೂರನೇ ತಿಂಗಳಲ್ಲಿ ಓಡಿ ಬಂದರೆ ನಮ್ಮ ಕೈಯಲ್ಲಿ ಸಮಯ ಉಳಿದಿರುವುದಿಲ್ಲ.

ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಕಾಯಿಲೆಯ ಕಥೆಯೂ ಇದೇ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ರಕ್ತ ಕೊಡಬೇಕಾದ ಸ್ಥಿತಿ ಬರಬಹುದು. ವಾಹಕರೋ ಅಲ್ಲವೋ ಎಂದು ತಿಳಿಯಲು ಒಂದು ಸರಳ ರಕ್ತ ಪರೀಕ್ಷೆ ಸಾಕು, ಒಮ್ಮೆ ಮಾಡಿದರೆ ಜನ್ಮಕ್ಕೆ ಮುಗಿಯಿತು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗ, ಜೇನುಕುರುಬ ಹಾಡಿಗಳಲ್ಲಿ, ಹೀಗೆಯೇ ವಾಹಕರಿಂದ ಮಗುವಿಗೆ ಬರುವ ಕುಡುಗೋಲು ಕಣ ರಕ್ತಹೀನತೆ ಇದೆ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದೇ ಪಕ್ಕದ ನೀಲಗಿರಿಯ ಗುಡ್ಡಗಾಡು ಜನರಲ್ಲಿ, 1952ರಲ್ಲಿ. ಅದರ ನಿರ್ಮೂಲನಕ್ಕೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ರಾಷ್ಟ್ರೀಯ ಅಭಿಯಾನವನ್ನೇ ಶುರುಮಾಡಿತು. ನಗರದ ಆಸ್ಪತ್ರೆಯಲ್ಲಿ ಎನ್‌ಐಪಿಟಿಗೆ ಸಾವಿರಾರು ರೂಪಾಯಿ ಸುರಿದವಳಿಗೆ ಈ ಅಗ್ಗದ ವಾಹಕ ಪರೀಕ್ಷೆಯ ಹೆಸರೂ ಗೊತ್ತಿರುವುದಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ.

ಐದನೇ ತಿಂಗಳ ಅನಾಮಲಿ ಸ್ಕ್ಯಾನ್ ಬಗ್ಗೆ ಒಂದೆರಡೇ ಮಾತು. 18ರಿಂದ 20 ವಾರದೊಳಗೆ ಮಾಡುವ ಈ ಸ್ಕ್ಯಾನಿನಲ್ಲಿ ಬೆನ್ನುಹುರಿ, ಹೃದಯ, ಮೂತ್ರಪಿಂಡಗಳ ರಚನೆ ಕಾಣುತ್ತದೆ. ಮೇಲಿನ ತಪಾಸಣೆಗಳನ್ನು ಬೇಡ ಎಂದವರಿಗೂ ಇದನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಹೃದಯದ ತೊಂದರೆ ಮೊದಲೇ ಗೊತ್ತಾದರೆ ಹೆರಿಗೆಯನ್ನು ಎಲ್ಲಿ ಮಾಡಿಸಬೇಕೆಂದು ಯೋಚಿಸಬಹುದು. ವರದಿಯಲ್ಲಿ "ಹೃದಯದಲ್ಲಿ ಬಿಳಿ ಚುಕ್ಕೆ" ಎಂದು ಬರೆದಿದ್ದರೆ ಗಾಬರಿ ಬೀಳಬೇಡಿ. ಬೇರೇನೂ ಇಲ್ಲದೆ ಅದೊಂದೇ ಇದ್ದರೆ ಅದು ಹೃದ್ರೋಗವಲ್ಲ.

ಕಾನೂನು ಏನು ಹೇಳುತ್ತದೆ? 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂತು. ಅದಕ್ಕೂ ಮೊದಲು 2008ರಲ್ಲಿ, ಇಪ್ಪತ್ತು ವಾರ ದಾಟಿದ ಮೇಲೆ ಮಗುವಿನ ಹೃದಯದ ತೊಂದರೆ ತಿಳಿದ ದಂಪತಿಯೊಂದು ಗರ್ಭಪಾತಕ್ಕೆ ಅನುಮತಿ ಕೋರಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಮರಳಿತ್ತು. ಈಗ ಭ್ರೂಣದ ಗಂಭೀರ ದೋಷವಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದ ತನಕ ಅವಕಾಶವಿದೆ; ಅದರಾಚೆಗೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ವಯಸ್ಕ ಹೆಣ್ಣುಮಗಳಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ತಾಯಾಗುವ ಅಥವಾ ಆಗದಿರುವ ಆಯ್ಕೆ ಸಂವಿಧಾನದ 21ನೆಯ ವಿಧಿಯಡಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಬಹಳ ಜನ ಓದದ ಒಂದು ಮಾತನ್ನೂ ಹೇಳುತ್ತದೆ: ಗರ್ಭದ ನೀರು ತೆಗೆಯುವಂಥ ಪರೀಕ್ಷೆಯ ಮೊದಲು ಅದರ ಅಡ್ಡಪರಿಣಾಮಗಳನ್ನೆಲ್ಲ ವಿವರಿಸಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಅವಳ ಕೈಗೆ ಕೊಡಬೇಕು. ಎಷ್ಟು ಕಡೆ ಕನ್ನಡದಲ್ಲಿ ಆ ಕಾಗದ ಇದೆ ಎಂದು ಈ ಸಭೆಯಲ್ಲಿರುವ ನನ್ನ ಸಹೋದ್ಯೋಗಿಗಳು ತಮ್ಮ ತಮ್ಮ ಆಸ್ಪತ್ರೆಗೆ ಹೋಗಿ ನೋಡಬೇಕೆಂದು ಬೇಡುತ್ತೇನೆ. ಲಿಂಗದ ವಿಷಯ ಯಾವ ವರದಿಯಲ್ಲೂ ಬರುವಂತಿಲ್ಲ, ಯಾರೂ ಹೇಳುವಂತಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರವಿಟ್ಟು ಹೆಣ್ಣುಭ್ರೂಣಗಳನ್ನು ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದುದನ್ನು ನೆನೆದರೆ ಆ ಬಿಗಿ ಎಷ್ಟು ಅಗತ್ಯ ಎಂಬುದು ತಿಳಿಯುತ್ತದೆ.

ಈಗ ಡೌನ್ ಸಿಂಡ್ರೋಮ್ ಇರುವ ಮಗುವಿನ ಬಗ್ಗೆ. ನಮ್ಮಲ್ಲಿ ವೈದ್ಯರು ಈ ಹೆಸರು ಹೇಳಿ, ಮರುಕ್ಷಣವೇ "ಮುಂದೇನು ಮಾಡ್ತೀರಿ?" ಎಂದು ಕೇಳುತ್ತಾರೆ. ನಡುವೆ ಹೇಳಬೇಕಾದ ಎಷ್ಟೋ ಮಾತು ಬಿಟ್ಟುಹೋಗುತ್ತದೆ. ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹೃದಯದಲ್ಲಿ ತೊಂದರೆ ಇರುತ್ತದೆ. ಅದರಲ್ಲಿ ಬಹುಪಾಲನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ನಡೆ, ನುಡಿ, ಕಲಿಕೆ ಎಲ್ಲವೂ ನಿಧಾನ. ಎಳವೆಯಲ್ಲೇ ತರಬೇತಿ ಶುರುವಾದರೆ ಅನೇಕರು ಓದುವುದನ್ನು, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಕಲಿಯುತ್ತಾರೆ. ಕೆಲವರು ದುಡಿಯುತ್ತಾರೆ. ಒಳ್ಳೆಯ ಆರೈಕೆ ಇರುವ ದೇಶಗಳಲ್ಲಿ ಅವರ ಸರಾಸರಿ ಆಯಸ್ಸು ಅರವತ್ತರ ಹತ್ತಿರ ಬಂದಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ, ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಇವಿಷ್ಟನ್ನೂ ಹೇಳಬೇಕು. ತಾಯಿ ತಂದೆ ತೀರಿಕೊಂಡ ಮೇಲೆ ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಸಮಾಜದಲ್ಲಿ ಸರಿಯಾದ ಉತ್ತರವಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು.

ಶಾಲಾ ಶಿಕ್ಷಕಿಯೊಬ್ಬಳು ಎಲ್ಲವನ್ನೂ ಕೇಳಿಸಿಕೊಂಡು, "ಬಂದ ಮಗೂನ ಸಾಕ್ತೀನಿ ಮೇಡಂ. ಆ ರಕ್ತ ಪರೀಕ್ಷೆ ನನಗೆ ಬೇಡ. ಸ್ಕ್ಯಾನ್ ಮಾತ್ರ ಮಾಡಿ, ಹೃದಯದ್ದೇನಾದ್ರೂ ಇದ್ರೆ ದೊಡ್ಡಾಸ್ಪತ್ರೇಲಿ ಹೆರಿಗೆ ಮಾಡಿಸ್ಕೋತೀನಿ" ಎಂದಳು. ಅಷ್ಟು ಸ್ಪಷ್ಟವಾದ ವೈದ್ಯಕೀಯ ತೀರ್ಮಾನವನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ. ಇನ್ನೊಬ್ಬಳು ತವರಿನಲ್ಲಿ ಬುದ್ಧಿಮಾಂದ್ಯ ಅಣ್ಣನನ್ನು ನೋಡಿಕೊಳ್ಳುತ್ತಾ ಬೆಳೆದವಳು. ಎಲ್ಲ ಪರೀಕ್ಷೆಯೂ ಬೇಕು, ತೊಂದರೆ ಇದ್ದರೆ ಈ ಬಸಿರು ಮುಂದುವರಿಸುವ ಶಕ್ತಿ ನನಗಿಲ್ಲ ಎಂದು ಹೇಳಿ, ಅಣ್ಣನನ್ನು ನೆನೆದು ಅತ್ತಳು. ತನ್ನನ್ನು ಕಲ್ಲುಹೃದಯದವಳು ಎನ್ನುತ್ತಾರೇನೋ ಎಂಬ ಭಯ ಅವಳಿಗೆ. ಅವಳ ಬದುಕನ್ನು ಬದುಕದವರಿಗೆ ಅವಳನ್ನು ಹಾಗೆ ಕರೆಯಲು ಅಧಿಕಾರವಿಲ್ಲ.

ಹೀಗೆ ಅವಳನ್ನೇ ಕೇಳುವ ಪದ್ಧತಿ ನೆದರ್ಲೆಂಡ್ಸಿನಲ್ಲಿದೆ. ಅಲ್ಲಿ ಬಸುರಿಯ ಮೊದಲ ಭೇಟಿಯಲ್ಲಿ "ಈ ತಪಾಸಣೆಗಳ ಬಗ್ಗೆ ನಿಮಗೆ ತಿಳಿದುಕೊಳ್ಳಬೇಕೆಂದಿದೆಯೇ?" ಎಂದು ಕೇಳುತ್ತಾರೆ. ಬೇಡ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 2017ರಲ್ಲಿ ಅಲ್ಲಿ ಎಲ್ಲ ಗರ್ಭಿಣಿಯರಿಗೂ ಎನ್‌ಐಪಿಟಿಯ ಅವಕಾಶ ಕೊಟ್ಟಾಗ ಮೊದಲ ವರ್ಷ ಅದನ್ನು ತೆಗೆದುಕೊಂಡವರು ಅರ್ಧಕ್ಕಿಂತ ಕಡಿಮೆ. ಕೇಳುವ ಪದ್ಧತಿ ಇದ್ದರೆ ಬೇಡ ಎನ್ನುವವರೂ ಬೇಕಾದಷ್ಟು ಇರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಕೇಳದೆ ಮಾಡುವುದು ಒಂದು ಕಡೆಯ ತಪ್ಪಾದರೆ, ಹೇಳದೆಯೇ ಬಿಡುವುದು ಇನ್ನೊಂದು ಕಡೆಯದು. ತಾಲ್ಲೂಕಿನ ಹೆಣ್ಣುಮಗಳಿಗೆ ಹೀಗೊಂದು ಪರೀಕ್ಷೆ ಇದೆ ಎಂದು ಗೊತ್ತಾಗುವುದೇ ಏಳನೇ ತಿಂಗಳಲ್ಲಿ, ಸ್ಕ್ಯಾನಿನಲ್ಲಿ ಏನೋ ಕಂಡ ಮೇಲೆ. ಚೊಚ್ಚಲ ಬಸುರಿ ಅತ್ತೆಮನೆ ತವರುಮನೆ ಎಂದು ಓಡಾಡುವಷ್ಟರಲ್ಲಿ 14 ವಾರ ದಾಟಿಹೋಗಿರುತ್ತದೆ. ಆಮೇಲೆ ಅವಳಿಗೆ ಬೇಕೆಂದರೂ ಕೆಲವು ಬಾಗಿಲು ಮುಚ್ಚಿರುತ್ತವೆ. ಆಯ್ಕೆಯೇ ಇಲ್ಲದವಳ ಮೌನವನ್ನು ಒಪ್ಪಿಗೆ ಎಂದು ನಾವು ಬರೆದುಕೊಳ್ಳಬಾರದು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಆರೋಗ್ಯ ಇಲಾಖೆ ತಾಯಿ ಕಾರ್ಡಿನಲ್ಲಿ ಈ ತಪಾಸಣೆಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಲಿ; ಆಶಾ ಕಾರ್ಯಕರ್ತೆಯರು ಅದನ್ನು ಓದಿ ಹೇಳಲಿ. ಸಹೋದ್ಯೋಗಿಗಳು ಈ ಪರೀಕ್ಷೆಗಳಿಗೆ ಬೇರೆಯೇ ಚೀಟಿ ಬರೆಯಲಿ, ಬರೆಯುವ ಮೊದಲು ಐದು ನಿಮಿಷ ಮಾತಾಡಲಿ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಹನ್ನೊಂದನೇ ವಾರಕ್ಕೆ ಮುಂಚೆ ಅವಳನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಬೇಕೋ ಬೇಡವೋ ಎಂದು ಅವಳೇ ಹೇಳುವ ತನಕ ನೀವು ಸುಮ್ಮನಿರಿ.